ಹರಿಣಾಕ್ಷಿಯ ಬಣ್ಣ

ಬೈಂದೂರು
೧೪ ಜನವರಿ ೨೦೨೪

ಅಪ್ಪಯ್ಯ,

ಮೂರು ವರ್ಷದ ಮೇಲೆ ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತು. ಮಾಡಿದರೆ ನೀವು "ಹಲೋ" ಎನ್ನುತ್ತೀರಿ, ನಾನೂ "ಹಲೋ" ಎನ್ನುತ್ತೇನೆ, ಆಮೇಲೆ ಇಬ್ಬರೂ ಬ್ರಹ್ಮಾವರದ ಬಸ್ಸುಗಳ ಹಾರನ್ ಕೇಳುತ್ತ ಕೂರುತ್ತೇವೆ. ಅದಕ್ಕೇ ಈ ಕಾಗದ. ಹಳೆಯದನ್ನು ಕೆದಕಲು ಬರೆಯುತ್ತಿಲ್ಲ. ವಿಷಯ ಬೇರೆ.

ನಾನು ಬಾಡಿಗೆಗಿರುವ ಮನೆಯ ಮುತ್ತಕ್ಕ ಒಣಮೀನಿನ ವ್ಯಾಪಾರದವರು. ಅವರ ತಮ್ಮನ ಮಗಳ ಮದುವೆ ಡಿಸೆಂಬರಿನಲ್ಲಿ ವಂಡ್ಸೆಯಲ್ಲಿ ಆಯಿತು. ಮೊನ್ನೆ ಆಲ್ಬಮ್ ಬಂತೆಂದು ನನ್ನನ್ನು ಕರೆದು ತೋರಿಸಿದರು. ತಿರುಗಿಸಿ ನೋಡಿದರೆ ರಟ್ಟಿನ ಹಿಂದೆ "ಹರಿಣಾಕ್ಷಿ ಸ್ಟುಡಿಯೋ, ಬ್ರಹ್ಮಾವರ". ಅಮ್ಮನ ಹೆಸರು ಹಾಗೆ ಯಾರದೋ ಮನೆಯಲ್ಲಿ ಕೈಗೆ ಸಿಕ್ಕಿದಾಗ, ತೆರೆಯುವ ಮೊದಲು ಸ್ವಲ್ಪ ಹೊತ್ತು ಮಡಿಲಲ್ಲಿಟ್ಟುಕೊಂಡು ಕೂತೆ.

ಫೋಟೋಗಳು ನಿಮ್ಮವೇ. ಧಾರೆಯ ನೀರು ಬೀಳುವಾಗ ಎಲ್ಲರೂ ಕೈಯ ಫೋಟೋ ತೆಗೆದರೆ ನೀವು ಹೆಣ್ಣಿನ ತಂದೆಯ ಗಂಟಲಿನ ಫೋಟೋ ತೆಗೆಯುತ್ತೀರಿ. ಅದನ್ನು ಬೇರೆ ಯಾರೂ ಮಾಡುವುದಿಲ್ಲ. ಆದರೆ ಅಪ್ಪಯ್ಯ, ಎಲ್ಲರೂ ನೀಲಿ. ಮದುಮಗನ ಪಂಚೆ ಬಟ್ಟೆಗೆ ಹಾಕುವ ನೀಲಿಯಲ್ಲಿ ಅದ್ದಿ ತೆಗೆದ ಹಾಗಿದೆ. ಕೈಯ ಅರಿಶಿನ ಹಸಿರಾಗಿದೆ. ಮುತ್ತಕ್ಕ ಪುಟ ತಿರುವುತ್ತ, "ಎಂತ ಹೆಣೆ ಇದ್? ನಮ್ಮ್ ಹೆಣ್ಣ್ ಚಳಿಗೆ ಮರಗಟ್ಟಿದ ಹಾಂಗಿತ್ತಲೆ!" ಎಂದರು. ಹೆಣ್ಣಿನ ತಂದೆ ಮಾತ್ರ ಪ್ರಿಂಟ್ ಮಾಡಿದವರು ಹಾಳು ಮಾಡಿದ್ದಾರೆ ಎಂದು ಬಯ್ಯುತ್ತಿದ್ದಾರಂತೆ.

ಹನ್ನೆರಡು ವರ್ಷ ನಿಮ್ಮ ಪಕ್ಕದ ಸ್ಟೂಲಿನಲ್ಲಿ ಕೂತವಳು ನಾನು. ಒಂದು ಪಾಸ್‌ಪೋರ್ಟ್ ಫೋಟೋವನ್ನೂ ಬಣ್ಣ ಸರಿಮಾಡದೆ ನೀವು ಹೊರಗೆ ಕೊಟ್ಟದ್ದು ನೋಡಿಲ್ಲ. ಹಾಗಾದರೆ ಈ ನೀಲಿ ನಿಮ್ಮ ಕಣ್ಣಿಗೆ ಸರಿಯಾಗಿಯೇ ಕಂಡಿರಬೇಕು.

ಕಣ್ಣು ತೋರಿಸಿಕೊಳ್ಳಿ. ಇಷ್ಟೇ ಹೇಳಬೇಕಿತ್ತು.

ನಾನು ಇಲ್ಲಿ ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಮಾಡುತ್ತಿದ್ದೇನೆ. ದಿನಕ್ಕೆ ನಾಲ್ಕು ಹುಟ್ಟುಹಬ್ಬ, ಎರಡು ಶ್ರದ್ಧಾಂಜಲಿ. ಸೀತತ್ತೆಗೆ ನಾನು ಚೆನ್ನಾಗಿದ್ದೇನೆ ಎಂದು ಹೇಳಿ.

ಶ್ರಾವ್ಯ

*

ಬ್ರಹ್ಮಾವರ
೨ ಫೆಬ್ರವರಿ ೨೦೨೪

ಶ್ರಾವ್ಯ,

ನಿನ್ನ ಕಾಗದ ಬಂತು.

ನನ್ನ ಕಣ್ಣಿಗೆ ಏನೂ ಆಗಿಲ್ಲ. ಬೆಳಿಗ್ಗೆ ಪೇಪರ್ ಓದುತ್ತೇನೆ. ಹೆದ್ದಾರಿಯಾಚೆ ನಿಂತ ಬಸ್ಸಿನ ಬೋರ್ಡು ಓದುತ್ತೇನೆ. ವಂಡ್ಸೆಯ ಆಲ್ಬಮ್ ವಿಷಯದಲ್ಲಿ ತಪ್ಪು ಲ್ಯಾಬಿನವರದ್ದು. ಅವರು ಕಾಗದ ಬದಲಿಸಿದ್ದಾರೆ, ಕೇಳಿದರೆ ಒಪ್ಪುವುದಿಲ್ಲ. ಈಗ ಯಾವುದೂ ಮೊದಲಿನಂತಿಲ್ಲ. ಸ್ಟುಡಿಯೋದ ಟ್ಯೂಬ್‌ಲೈಟನ್ನೇ ಒಂದು ವರ್ಷದಲ್ಲಿ ಎರಡು ಸಲ ಬದಲಿಸಿದೆ. ಹೊಸದು ಹಾಕಿದರೂ ಹಳದಿ ಬೆಳಕೇ. ಗೋಡೆಗೆ ಕಳೆದ ದೀಪಾವಳಿಗೆ ಬಿಳಿ ಹೊಡೆಸಿದ್ದು, ಆಗಲೇ ಮಾಸಿದೆ.

ನಿನ್ನ ಸ್ಟೂಲಿನ ಮೇಲೆ ಆಲ್ಬಮಿನ ಖಾಲಿ ಪೆಟ್ಟಿಗೆಗಳನ್ನು ಇಟ್ಟಿದ್ದೇನೆ. ಜಾಗ ಬೇಕಾಗುತ್ತದೆ.

ಅಕ್ಕ ಹಲಸಿನ ಹಪ್ಪಳ ಕೊಟ್ಟಿದ್ದಾಳೆ. ಈ ಕಾಗದದ ಜೊತೆ ಬೈಂದೂರು ಬಸ್ಸಿನ ಕಂಡಕ್ಟರ್ ಯೋಗೀಶನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನಿಗೆ ನಿನ್ನ ಅಂಗಡಿ ಗೊತ್ತಂತೆ. ನನಗೆ ಇದುವರೆಗೆ ಹೇಳಿರಲಿಲ್ಲ.

ಚಂದಯ್ಯ

*

ಬೈಂದೂರು
೧೧ ಫೆಬ್ರವರಿ ೨೦೨೪

ಅಪ್ಪಯ್ಯ,

ಹಪ್ಪಳ ಬಂತು. ನಿಮ್ಮ ಅಕ್ಷರ ಇಷ್ಟು ದೊಡ್ಡದಾದದ್ದು ಯಾವಾಗ? ಮೊದಲು ಒಂದು ಪುಟದಲ್ಲಿ ಹಿಡಿಯುತ್ತಿದ್ದದ್ದು ಈಗ ಮೂರು ಪುಟ ತಿಂದಿದೆ.

ಟ್ಯೂಬ್‌ಲೈಟು ಹಳದಿಯಲ್ಲ. ಗೋಡೆಯೂ ಮಾಸಿಲ್ಲ. ಇದರ ಜೊತೆ ಎರಡು ತುಂಡು ಕಾಗದ ಇಟ್ಟಿದ್ದೇನೆ. ನಮ್ಮ ಅಂಗಡಿಯಲ್ಲೇ ಪ್ರಿಂಟ್ ಹಾಕಿದ್ದು. ಒಂದು ಬಿಳಿ, ಒಂದು ಕೆನೆ ಬಣ್ಣ. ಹಗಲಿನಲ್ಲಿ ಬಾಗಿಲ ಹತ್ತಿರ ಹಿಡಿದು ಯಾವುದು ಬಿಳಿ ಎಂದು ಹೇಳಿ. ಅತ್ತೆಗೂ ತೋರಿಸಿ.

ಹಳೆಯದನ್ನು ಕೆದಕುವುದಿಲ್ಲ ಎಂದಿದ್ದೆ. ಸ್ಟೂಲಿನ ವಿಷಯ ನೀವು ಬರೆಯದಿದ್ದರೆ ಕೆದಕುತ್ತಲೂ ಇರಲಿಲ್ಲ.

ಆ ದಿನ ಕುಂದಾಪುರದವರು ನನ್ನನ್ನು ನೋಡಲು ಬಂದಾಗ ನೀವು ನೆಲ ನೋಡುತ್ತಿದ್ದಿರಿ. ನಾನು ಅವರನ್ನು ನೋಡುತ್ತಿದ್ದೆ. ಹುಡುಗನ ತಾಯಿ ಬ್ಯಾಗಿನಿಂದ ಫೋಟೋ ತೆಗೆದರು. ಫೋಟೋ ನೋಡಿದರು, ನನ್ನನ್ನು ನೋಡಿದರು, ಮತ್ತೆ ಫೋಟೋ ನೋಡಿದರು. "ಹ್ವಾಯ್, ನೀವ್ ಕಳ್ಸಿದ್ದ್ ಇವ್ಳ್ ತಂಗಿ ಫೋಟೋ ಅಲ್ದಾ?" ಎಂದು ಕೇಳಿದರು. ಜಗಳಕ್ಕೆ ಕೇಳಿದ್ದಲ್ಲ, ನಿಜವಾಗಿಯೂ ಕೇಳಿದ್ದು. ನನಗೆ ತಂಗಿಯೇ ಇಲ್ಲ.

ಹೊರಗಿನವರು ಕಪ್ಪು ಎಂದರೆ ನನಗೆ ಏನೂ ಅನ್ನಿಸುವುದಿಲ್ಲ. ಒಂದನೇ ಕ್ಲಾಸಿನಿಂದ ಕೇಳಿದ್ದೇನೆ. ಆ ಫೋಟೋ ತೆಗೆದದ್ದು ನೀವು, ತಿದ್ದಿದ್ದು ನೀವು, ಅದೂ ನಾನು ಪಕ್ಕದಲ್ಲಿ ಇಲ್ಲದ ಹೊತ್ತು ನೋಡಿ. ನನ್ನ ಮುಖವನ್ನು ಪರದೆ ತುಂಬ ದೊಡ್ಡದು ಮಾಡಿಕೊಂಡು, ಇದು ಸಾಲದು, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ಮೌಸ್ ಸರಿಸಿದ್ದೀರಲ್ಲ, ನನಗೆ ನೋವಾದದ್ದು ಆ ಕೈಯಿಂದ. ಅವರು ಹೋದ ಮೇಲೆ ನೀವು ಹೇಳಿದ್ದು ಒಂದೇ ಮಾತು, "ಅವತ್ತ್ ಲೈಟ್ ಸರಿ ಇರ್ಲಿಲ್ಲೆ." ಮರುದಿನ ಬೆಳಿಗ್ಗೆ ನಾನು ಬಸ್ಸು ಹತ್ತಿದೆ.

ಕಾಗದದ ತುಂಡುಗಳ ಹಿಂದೆ ಯಾವುದು ಯಾವುದೆಂದು ಬರೆದಿದೆ. ಹೇಳುವ ಮೊದಲು ತಿರುಗಿಸಬೇಡಿ.

ಶ್ರಾವ್ಯ

*

ಬ್ರಹ್ಮಾವರ
೮ ಮಾರ್ಚ್ ೨೦೨೪

ಶ್ರಾವ್ಯ,

ತುಂಡುಗಳನ್ನು ಬಾಗಿಲ ಹತ್ತಿರ ಹಿಡಿದು ನೋಡಿದೆ. ಎರಡೂ ಕೆನೆ ಬಣ್ಣ ಎಂದೆ. ನೀನು ಮರೆತು ಒಂದೇ ಬಣ್ಣದ್ದು ಎರಡು ಕಳಿಸಿದ್ದೀಯ ಎಂದುಕೊಂಡೆ. ಅಕ್ಕ ನಕ್ಕಳು. "ಚಂದಯ್ಯ, ತಮಾಷೆ ಮಾಡ್ತಿದ್ಯಾ? ಇದ್ ಹಾಲಿನ ಹಾಂಗೆ ಬಿಳಿ ಇತ್ತಲ್ದಾ!" ಎಂದಳು. ನಾನು ನಗಲಿಲ್ಲವೆಂದು ಕಂಡ ಮೇಲೆ ಅವಳೂ ನಿಲ್ಲಿಸಿದಳು.

ಉಡುಪಿಗೆ ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿದೆ. ಎರಡೂ ಕಣ್ಣಿಗೆ ಪೊರೆ ಬಂದಿದೆ. ಪೊರೆ ಹಳದಿಗಟ್ಟಿದ್ದರಿಂದ ನನಗೆ ಎಲ್ಲ ಹಳದಿಯಾಗಿ ಕಾಣುತ್ತದಂತೆ, ಆ ಹಳದಿ ಕಳೆಯಲು ನಾನು ನೀಲಿ ಸುರಿಯುತ್ತಿದ್ದೆನಂತೆ. ಎಷ್ಟು ಕಾಲದಿಂದ ಎಂದು ಕೇಳಿದೆ. ಎರಡು ವರ್ಷವಾದರೂ ಆಗಿರಬೇಕು ಎಂದರು. ಎರಡು ವರ್ಷದಲ್ಲಿ ಎಷ್ಟು ಮದುವೆ ಎಂದು ಬಸ್ಸಿನಲ್ಲಿ ಯೋಚಿಸುತ್ತ ಬಂದೆ.

ಆಪರೇಶನ್ ಈಗ ಬೇಡ ಎಂದಿದ್ದೇನೆ. ಮೇ ಮುಗಿಯುವವರೆಗೆ ಮದುವೆಗಳಿವೆ. ಇನ್ನೂ ಒಂದು ಕಾರಣ ಇದೆ. ಮೂವತ್ತೆಂಟು ವರ್ಷ ಈ ಕಣ್ಣನ್ನೇ ನಂಬಿದವನು ನಾನು. ಒಳಗಿಂದ ಏನೋ ತೆಗೆದು ಏನೋ ಇಡುತ್ತಾರೆ, ಆಮೇಲೆ ಬೇರೆ ಬಣ್ಣ ಕಾಣುತ್ತದೆ ಎಂದರೆ ಹೆದರಿಕೆಯಾಗುತ್ತದೆ.

ಒಂದು ಮಾತು ಕೇಳಬೇಕು. ಮದುವೆ ಫೋಟೋಗಳ ಪೆನ್‌ಡ್ರೈವನ್ನು ಯೋಗೀಶನ ಕೈಯಲ್ಲಿ ಕಳಿಸಿದರೆ ಬಣ್ಣ ನೋಡಿ ಕೊಡುತ್ತೀಯಾ? ಆಗದಿದ್ದರೆ ಬೇಡ.

ನೀನು ಬರೆದ ಇನ್ನೊಂದು ವಿಷಯ ಓದಿದೆ. ಎರಡು ಸಲ ಓದಿದೆ.

ಚಂದಯ್ಯ

*

ಬೈಂದೂರು
೭ ಏಪ್ರಿಲ್ ೨೦೨೪

ಅಪ್ಪಯ್ಯ,

ಹಟ್ಟಿಯಂಗಡಿಯ ಮದುವೆಯ ಫೋಟೋಗಳನ್ನು ಮುಗಿಸಿ ಕಳಿಸಿದ್ದೇನೆ. ನೀಲಿ ಎಲ್ಲ ಇಳಿಸಿದೆ. ಮಂಟಪದ ಸೇವಂತಿಗೆ ಈಗ ಸೇವಂತಿಗೆಯಾಗಿಯೇ ಕಾಣುತ್ತದೆ. ಊಟದ ಪಂಕ್ತಿಯ ಫೋಟೋಗಳಲ್ಲಿ ಬಾಳೆಎಲೆ ಕಪ್ಪಾಗಿತ್ತು, ನೆರಳಿಗೆ ಬೆಳಕು ಕೊಟ್ಟೆ. ಮುದುಕರೊಬ್ಬರು ಪಾಯಸದ ಎಲೆಯನ್ನು ಬೆರಳಿನಲ್ಲಿ ಒರೆಸುತ್ತಿರುವುದನ್ನು ನೀವು ಹಿಡಿದಿದ್ದೀರಿ. ಅದರಲ್ಲಿ ಏನೂ ಮುಟ್ಟಲಿಲ್ಲ, ಸುಮ್ಮನೆ ನೋಡಿದೆ.

ಅಂಗಡಿ ಮುಚ್ಚಿದ ಮೇಲೆ ಸಂಜೆ ಒಂದು ಗಂಟೆ ಈ ಕೆಲಸಕ್ಕೆ ಕೂರುತ್ತೇನೆ. "ಕೆಂಪು ಹೆಚ್ಚಾಯ್ತ್ ಅಪ್ಪಯ್ಯ" ಎಂದು ಬಾಯಿಗೇ ಬಂದುಬಿಡುತ್ತದೆ. ಪಕ್ಕದಲ್ಲಿ ಯಾರೂ ಇರುವುದಿಲ್ಲ.

ಒಂದು ವಿಷಯ ನಿಮ್ಮನ್ನು ಕೇಳದೆ ಮಾಡಿದೆ. ಮದುಮಗಳು ಮೋಕ್ಷಿತಾಳ ಮುಖವನ್ನು ನೀವು ಎಲ್ಲ ಫೋಟೋಗಳಲ್ಲೂ ಬಿಳಿ ಮಾಡಿದ್ದಿರಿ. ಮುಖ ಒಂದು ಬಣ್ಣ, ತಾಳಿ ಕಟ್ಟಿಸಿಕೊಳ್ಳುವ ಕುತ್ತಿಗೆ ಇನ್ನೊಂದು ಬಣ್ಣ. ಮೂಲದ ಫೋಟೋಗಳು ಪೆನ್‌ಡ್ರೈವಿನಲ್ಲಿದ್ದವು. ಅವಳ ಬಣ್ಣವನ್ನು ಅವಳಿಗೆ ವಾಪಸು ಕೊಟ್ಟಿದ್ದೇನೆ. ಸಿಟ್ಟಾಗಬೇಡಿ.

ಶ್ರಾವ್ಯ

*

ಬ್ರಹ್ಮಾವರ
೨ ಮೇ ೨೦೨೪

ಶ್ರಾವ್ಯ,

ಹಟ್ಟಿಯಂಗಡಿಯವರು ಆಲ್ಬಮ್ ವಾಪಸು ತಂದರು. ಹೆಣ್ಣಿನ ತಾಯಿ ಸ್ಟುಡಿಯೋದ ಬಾಗಿಲಲ್ಲಿ ನಿಂತು ನಾಲ್ಕು ಜನ ಕೇಳುವ ಹಾಗೆ, "ಇದೆಂತ ಮಾರಾಯ್ರೆ, ನಮ್ಮ್ ಹೆಣ್ಣ್ ಇಷ್ಟ್ ಕಪ್ಪಾ? ಗಂಡಿನ ಮನಿಯರ್ ಎಂತ ಹೇಳುದಿಲ್ಲೆ?" ಎಂದರು. ಹೆಣ್ಣು ಹಿಂದೆ ನಿಂತಿದ್ದಳು.

ನಾನೇ ಕೂತು ಎಲ್ಲವನ್ನೂ ಮತ್ತೆ ಬಿಳಿ ಮಾಡಿಕೊಟ್ಟೆ. ಜನ ಕೇಳಿದ್ದನ್ನು ಕೊಡುವುದು ನನ್ನ ಕೆಲಸ. ನೀನು ಅಲ್ಲಿ ಕೂತು ನ್ಯಾಯ ಹೇಳುವುದು ಸುಲಭ. ಬಾಗಿಲಿಗೆ ಬಂದವರಿಗೆ ಉತ್ತರ ಕೊಡಬೇಕಾದವನು ನಾನು.

ಇನ್ನು ಪೆನ್‌ಡ್ರೈವ್ ಕಳಿಸುವುದಿಲ್ಲ.

ಚಂದಯ್ಯ

*

ಬ್ರಹ್ಮಾವರ
೧೭ ಜೂನ್ ೨೦೨೪

ಹೆಣೆ ಶ್ರಾವ್ಯ,

ನಾನ್ ನಿನ್ನ್ ಸೀತತ್ತೆ. ನಾನ್ ಹೇಳ್ತೆ, ಯೋಗೀಶ ಬರೀತ. ನಿನ್ನಪ್ಪಯ್ಯಂಗೆ ಹೋದ ಸೋಮಾರ ಒಂದ್ ಕಣ್ಣಿನ ಆಪರೇಶನ್ ಆಯ್ತ್. "ಅವ್ಳಿಗೆ ಹೇಳ್ಬೇಡ" ಅಂದ. ಅದ್ಕೇ ಹೇಳ್ತಿದ್ದೆ. ಪಟ್ಟಿ ಬಿಚ್ಚಿದ್ದೇ ನನ್ನ್ ಮುಖ ಕಂಡ್, "ಅಕ್ಕ, ನೀ ಇಷ್ಟ್ ಮುದ್ಕಿ ಆದ್ದ್ ಯಾವಾಗ?" ಅಂತ ಕೇಂಡ. ಒಂದ್ ಕೊಡೂವಾ ಅಂತ ಆಯ್ತ್ ನಂಗೆ.

ಈಗ ಅಂವ ದಿನಾ ಹರಿಣಾಕ್ಷಿ ಫೋಟೋದ ಎದ್ರಿಗೆ ಹೋಯಿ ನಿಂತ. ಉಣ್ಣುಕೆ ಕರದ್ರೂ ಬತ್ತಿಲ್ಲೆ. ಎಂತಕ್ಕೆ ಅಂತ ನಂಗೆ ಗೊತ್ತಿತ್ತ್. ಅಂವನೇ ನಿಂಗೆ ಹೇಳ್ಲಿ.

ಮಳಿ ಜೋರಿತ್ತ್. ಕೊಡಿ ಇಲ್ದೆ ತಿರ್ಗ್ಬೇಡ.

ಸೀತತ್ತೆ

*

ಬ್ರಹ್ಮಾವರ
೨೧ ಜುಲೈ ೨೦೨೪

ಶ್ರಾವ್ಯ,

ನನ್ನ ಹಿಂದಿನ ಕಾಗದಕ್ಕೆ ನೀನು ಉತ್ತರ ಬರೆಯಲಿಲ್ಲ. ಉತ್ತರ ಬರೆಯುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಮೋಕ್ಷಿತಾ ಎಂಬ ಆ ಹುಡುಗಿ ಮೇ ಕೊನೆಗೆ ಒಬ್ಬಳೇ ಬಂದಳು. "ಮೊದ್ಲ್ ಮಾಡಿದ್ದ್ರಲ್ಲ, ಅದ್ರಲ್ಲ್ ಒಂದ್ ಫೋಟೋ ಕೊಡ್ತ್ರ್ಯಾ? ಅಮ್ಮಂಗೆ ಹೇಳುದ್ ಬ್ಯಾಡ" ಎಂದಳು. ನೀನು ಮಾಡಿದ್ದನ್ನೂ ನಾನು ಮಾಡಿದ್ದನ್ನೂ ಪರದೆಯ ಮೇಲೆ ಪಕ್ಕಪಕ್ಕ ತೆರೆದೆ. ಯಾವುದು ಯಾವುದೆಂದು ನನಗೆ ತಿಳಿಯಲಿಲ್ಲ. ಅವಳೇ ಬೆರಳಿಟ್ಟು ತೋರಿಸಿದಳು. ಪ್ರಿಂಟ್ ಕೈಗೆ ಕೊಟ್ಟಾಗ ಸೆರಗಿನಲ್ಲಿ ಸುತ್ತಿಕೊಂಡು ಹೋದಳು. ಅವಳು ಹೋದ ಮೇಲೆ ಉಡುಪಿಗೆ ಫೋನ್ ಮಾಡಿ ಆಪರೇಶನ್ನಿಗೆ ದಿನ ಕೇಳಿದೆ.

ಈಗ ಎಡಗಣ್ಣು ಹೊಸದು. ಗೋಡೆ ಬಿಳಿಯಾಗಿದೆ. ಟ್ಯೂಬ್‌ಲೈಟನ್ನು ಸುಮ್ಮನೆ ಬಯ್ದಿದ್ದೆ. ವಂಡ್ಸೆಯವರ ಫೋಟೋಗಳನ್ನು ತೆರೆದು ನೋಡಿದಾಗ ತಲೆ ತಗ್ಗಿತು. ಅವರ ಮನೆಗೆ ಹೋಗಿ, ತಪ್ಪು ಲ್ಯಾಬಿನವರದ್ದಲ್ಲ, ನನ್ನದು ಎಂದು ಹೇಳಿ, ಆಲ್ಬಮನ್ನು ಮತ್ತೆ ಮಾಡಿಕೊಡುತ್ತಿದ್ದೇನೆ.

ಇನ್ನು ಹೇಳಬೇಕಾದದ್ದು. ಸ್ಟುಡಿಯೋದ ಗೋಡೆಯಲ್ಲಿ ನಮ್ಮ ಮದುವೆಯ ಫೋಟೋ ಇದೆಯಲ್ಲ, ಅದರಲ್ಲಿ ನಿನ್ನ ಅಮ್ಮ ಬೆಳ್ಳಗಿದ್ದಾಳೆ. ಅವಳು ಬೆಳ್ಳಗಿರಲಿಲ್ಲ.

ಆ ಫೋಟೋ ತೆಗೆದದ್ದು ಕುಂದಾಪುರದಲ್ಲಿ ನನಗೆ ಕೆಲಸ ಕಲಿಸಿದ ಉಮಾನಾಥ ಮಾಸ್ತರರು. ಅವರಿಗೆ ಕಲರ್ ಮೇಲೆ ನಂಬಿಕೆಯಿರಲಿಲ್ಲ, ಕಪ್ಪು ಬಿಳುಪಿನಲ್ಲೇ ತೆಗೆದು ನೆಗೆಟಿವ್ ನನ್ನ ಕೈಗೆ ಕೊಟ್ಟರು. ನೆಗೆಟಿವಿನಲ್ಲಿ ಪೆನ್ಸಿಲಿನಿಂದ ಕಪ್ಪು ಮಾಡಿದಷ್ಟೂ ಪ್ರಿಂಟಿನಲ್ಲಿ ಬೆಳ್ಳಗೆ ಬರುತ್ತದೆ. ಮದುವೆಯ ದಿನ ನಮ್ಮ ಕಡೆಯ ಹೆಂಗಸರು ಆಡಿದ ಮಾತು ಅವಳ ಕಿವಿಗೆ ಬಿದ್ದಿತ್ತು. ಎರಡು ದಿನ ಕೂತು, ಮೊನಚು ಪೆನ್ಸಿಲಿನಲ್ಲಿ ಚುಕ್ಕಿ ಚುಕ್ಕಿಯಾಗಿ ಅವಳ ಮುಖವನ್ನೆಲ್ಲ ತುಂಬಿದೆ. ಅವಳ ಸಮಾಧಾನಕ್ಕೆ ಮಾಡಿದ್ದು ಎಂದೇ ಇಷ್ಟು ವರ್ಷ ಅಂದುಕೊಂಡಿದ್ದೆ. ಸಮಾಧಾನ ಬೇಕಾಗಿದ್ದದ್ದು ನನಗೆ.

ಪ್ರಿಂಟ್ ತೋರಿಸಿದಾಗ ಅವಳು ತುಂಬ ಹೊತ್ತು ನೋಡಿ, "ಇದ್ ಯಾರ್?" ಎಂದಳು. ನಗುತ್ತಲೇ ಕೇಳಿದಳು, ನಾನೂ ನಕ್ಕೆ. ಆಮೇಲೆ ಎಂಟು ವರ್ಷ ನನ್ನ ಜೊತೆ ಬದುಕಿದಳು. ನಾನು ಕ್ಯಾಮೆರಾ ಎತ್ತಿದಾಗಲೆಲ್ಲ "ನಂಗೆ ಕೆಲ್ಸ ಇತ್ತ್" ಎಂದು ಒಳಗೆ ಹೋದಳು. ನಾಚಿಕೆ ಎಂದುಕೊಂಡೆ. ನಿನಗೆ ನಾಲ್ಕು ವರ್ಷವಿದ್ದಾಗ ಒಂದು ವಾರದ ಜ್ವರದಲ್ಲಿ ಹೋದಳು. ಊರಿನವರದ್ದೆಲ್ಲ ಫೋಟೋ ತೆಗೆದವನ ಹತ್ತಿರ ಹೆಂಡತಿಯದ್ದು ಇದೊಂದೇ, ಅದೂ ಅವಳದ್ದಲ್ಲ.

ನೀನು ಚಿಕ್ಕವಳಿದ್ದಾಗ ಆ ಫೋಟೋ ನೋಡಿ "ನಂಗೆ ಯಾರ್ ಬಣ್ಣ ಅಪ್ಪಯ್ಯ?" ಎಂದು ಕೇಳಿದ್ದೆ. "ನಿನ್ನ್ ಅಜ್ಜನ್ದ್" ಎಂದೆ. ಅಕ್ಕ ನನ್ನನ್ನೇ ನೋಡಿದಳು.

ಮೊನ್ನೆ ಆ ನೆಗೆಟಿವನ್ನು ಹುಡುಕಿ ತೆಗೆದೆ. ಹತ್ತಿಗೆ ಸ್ಪಿರಿಟ್ ಮುಟ್ಟಿಸಿ ಪೆನ್ಸಿಲನ್ನು ಒರೆಸಿದೆ. ಪೆನ್ಸಿಲಿನ ಜೊತೆ ಅವಳೂ ಹೋಗಿಬಿಟ್ಟರೆ ಎಂದು ಚೂರುಚೂರೇ ಒರೆಸುತ್ತ ಬಂದೆ. ಹೋಗಲಿಲ್ಲ. ಬೆಳಕಿನ ಮುಂದೆ ಹಿಡಿದು ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಕಪ್ಪನ್ನು ಬಿಳಿಗೆ, ಬಿಳಿಯನ್ನು ಕಪ್ಪಿಗೆ ತಿರುವಿದೆ. ಅವಳ ಕೆನ್ನೆಯ ಮೇಲೆ ಮಾಸ್ತರರ ದೀಪದ ಬೆಳಕು ಸಣ್ಣದಾಗಿ ಹೊಳೆಯುತ್ತಿತ್ತು. ಗೋಡೆಯ ಫೋಟೋದಲ್ಲಿ ಆ ಹೊಳಪೇ ಇಲ್ಲ, ನಾನು ಮುಚ್ಚಿದ್ದೆ. ಮುಖದಷ್ಟನ್ನೇ ಪ್ರಿಂಟ್ ಮಾಡಿ ಇದರಲ್ಲಿಟ್ಟಿದ್ದೇನೆ.

ಇದರಲ್ಲೂ ಅವಳ ನಿಜವಾದ ಬಣ್ಣ ಇಲ್ಲ. ಕಪ್ಪು ಬಿಳುಪಿನ ಫೋಟೋದಲ್ಲಿ ಅದು ಬರುವುದೂ ಇಲ್ಲ. ನೀನು ಪಕ್ಕದಲ್ಲಿ ಕೂತಿದ್ದಷ್ಟು ದಿನ ನಾನು ಆ ಬಣ್ಣ ನೋಡುತ್ತಿದ್ದೆ. ಮೂರು ವರ್ಷದಿಂದ ನೋಡಿಲ್ಲ.

ತಪ್ಪಾಯಿತು ಶ್ರಾವ್ಯ. ಅವಳಿಗೆ ಹೇಳಲಿಲ್ಲ, ನಿನಗಾದರೂ ಹೇಳುತ್ತೇನೆ.

ಬಲಗಣ್ಣಿನ ಆಪರೇಶನ್ ಆಗಸ್ಟ್ ಹನ್ನೆರಡಕ್ಕೆ.

ಅಪ್ಪಯ್ಯ

*

ಬೈಂದೂರು
೪ ಆಗಸ್ಟ್ ೨೦೨೪

ಅಪ್ಪಯ್ಯ,

ಲಕೋಟೆಯನ್ನು ಅಂಗಡಿಯಲ್ಲೇ ಒಡೆದೆ. ಓದಿ ಮುಗಿಸಿ, ಹೊಟ್ಟೆನೋವು ಎಂದು ಹೇಳಿ ಮನೆಗೆ ಬಂದೆ. ಫೋಟೋ ಮೇಜಿನ ಮೇಲಿತ್ತು. ಮುತ್ತಕ್ಕ ಗಂಜಿ ಕೊಡಲು ಬಂದವರು ಎತ್ತಿ ನೋಡಿ, "ಇದ್ ಯಾವಾಗ್ ತೆಗ್ಸದ್ ಹೆಣೆ? ಮೂಗ್‌ಬಟ್ಟ್ ಚಂದ ಒಪ್ಪತ್ತ್ ನಿಂಗೆ" ಎಂದರು. ನಾನು ಮೂಗು ಚುಚ್ಚಿಸಿಕೊಂಡೇ ಇಲ್ಲವೆಂದು ಅವರಿಗೆ ನೆನಪಾಗಲಿಲ್ಲ.

ನಾನು ಶಾಲೆಗೆ ಹೋಗುವಾಗ ದಿನಾ ಆ ಗೋಡೆಯ ಫೋಟೋದ ಗಾಜಿನಲ್ಲಿ ನೋಡಿಕೊಂಡು ಬೈತಲೆ ತೆಗೆಯುತ್ತಿದ್ದೆ. ಅಮ್ಮನ ಮುಖದ ಮೇಲೆ ನನ್ನ ಮುಖ ಬೀಳುತ್ತಿತ್ತು. ಒಂದೂ ಹೊಂದುತ್ತಿರಲಿಲ್ಲ. ಹೋಗುವಾಗ ನನಗೆಂದು ಏನನ್ನೂ ಕೊಡದೆ ಹೋದಳು ಎಂದುಕೊಳ್ಳುತ್ತಿದ್ದೆ.

ಅದಕ್ಕೇ ಇಷ್ಟು ದಿನ ಬರೆಯಲಿಲ್ಲ. ನನ್ನ ಫೋಟೋ ತಿದ್ದಿದ್ದಕ್ಕಿಂತ ಇದು ದೊಡ್ಡದು. ಕ್ಷಮಿಸಿದ್ದೇನೆ ಎಂದು ಎರಡು ಸಲ ಬರೆದೆ, ಎರಡು ಸಲ ಹರಿದೆ. ಆ ಮಾತು ಇನ್ನೂ ಬರುತ್ತಿಲ್ಲ. ಬಂದಾಗ ಹೇಳುತ್ತೇನೆ.

ಆದರೂ ಫೋಟೋವನ್ನು ದಿಂಬಿನ ಕೆಳಗಿಟ್ಟುಕೊಂಡಿದ್ದೇನೆ. ಬೆಳಿಗ್ಗೆ ಎದ್ದ ತಕ್ಷಣ ನೋಡುತ್ತೇನೆ. ಇಪ್ಪತ್ತೊಂಬತ್ತು ವರ್ಷದವಳು ಹೊಸದಾಗಿ ಅಮ್ಮನನ್ನು ಕಂಡವರ ಹಾಗೆ ಆಡುತ್ತಿದ್ದೇನೆ ಎಂದು ನನಗೇ ನಾಚಿಕೆಯಾಗುತ್ತದೆ.

ಅಂಗಡಿಯಲ್ಲಿ ಹತ್ತು ದಿನ ರಜೆ ಕೇಳಿದ್ದೇನೆ. ಹನ್ನೊಂದನೇ ತಾರೀಕು ಭಾನುವಾರ ಬೆಳಿಗ್ಗೆ ಯೋಗೀಶನ ಬಸ್ಸಿನಲ್ಲಿ ಬರುತ್ತೇನೆ. ಕಣ್ಣಿಗೆ ದಿನಕ್ಕೆ ನಾಲ್ಕು ಸಲ ಮದ್ದು ಬಿಡಬೇಕು, ಅತ್ತೆಯ ಕೈ ನಡುಗುತ್ತದೆ. ಬಾಕಿ ಉಳಿದ ಆಲ್ಬಮುಗಳನ್ನು ನಾನು ನೋಡಿಕೊಳ್ಳುತ್ತೇನೆ. ಹತ್ತು ದಿನವಾದ ಮೇಲೆ ಏನೆಂದು ನನ್ನನ್ನು ಈಗ ಕೇಳಬೇಡಿ.

ನೀವು ಪರದೆಯ ಮುಂದೆ ಕೂರುವಂತಿಲ್ಲವಲ್ಲ, ಆಗ ಅಮ್ಮನ ವಿಷಯ ಹೇಳಿ. ಅವಳು ಹೇಗೆ ನಡೆಯುತ್ತಿದ್ದಳು, ಸಿಟ್ಟು ಬಂದರೆ ಏನು ಮಾಡುತ್ತಿದ್ದಳು, ನನ್ನನ್ನು ಏನೆಂದು ಕರೆಯುತ್ತಿದ್ದಳು. ಚಂದ ಮಾಡಿ ಹೇಳುವುದು ಬೇಡ. ಮರೆತಿದ್ದರೆ ಮರೆತಿದ್ದೇನೆ ಎನ್ನಿ, ಅತ್ತೆಯನ್ನು ಕೇಳುತ್ತೇನೆ.

ಶ್ರಾವ್ಯ